ಹೈದರಾಬಾದಿನ ಮೇಷ್ಟ್ರು, ಭಾರತ ಫುಟ್‌ಬಾಲಿನ ಗುರು

ಸಯ್ಯದ್ ಅಬ್ದುಲ್ ರಹೀಂ ಅವರನ್ನು ಶಿಷ್ಯರು ಕರೆಯುತ್ತಿದ್ದುದು ರಹೀಂ ಸಾಹೇಬರೆಂದೇ. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಭಾರತ ಗೆದ್ದಿರುವ ಎರಡು ಚಿನ್ನದ ಪದಕಗಳೂ ಅವರ ಕಾಲದವು. ಒಂದು 1951ರ ದೆಹಲಿಯದು, ಇನ್ನೊಂದು 1962ರ ಜಕಾರ್ತದ್ದು. ಎರಡನೆಯದನ್ನು ಗೆದ್ದ ವರ್ಷ ತುಂಬುವ ಮೊದಲೇ ಅವರು ತೀರಿಕೊಂಡರು.

1909ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ರಹೀಂ, ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ ಅಲ್ಲಿನ ತಂಡಕ್ಕೆ ಆಡಿದರು. ಬಳಿಕ ಸ್ಥಳೀಯ ಕ್ಲಬ್ಬುಗಳಲ್ಲೂ ಆಡಿದರು. ಆದರೆ ಆಟಗಾರನಾಗಿ ದೊಡ್ಡ ಹೆಸರು ಮಾಡಿದವರಲ್ಲ. ವೃತ್ತಿಯಿಂದ ಅವರು ಶಾಲಾ ಮೇಷ್ಟ್ರು. ನಿಜಾಮರ ಆಳ್ವಿಕೆಯ ಆ ಸಂಸ್ಥಾನದಲ್ಲಿ ನಮ್ಮ ಬೀದರ್, ರಾಯಚೂರು, ಅಂದಿನ ಗುಲಬರ್ಗಾ ಜಿಲ್ಲೆಗಳೂ ಸೇರಿದ್ದವು ಎಂಬುದನ್ನು ಇಲ್ಲಿ ನೆನೆಯಬಹುದು.

ನಲವತ್ತರ ದಶಕದಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಆಟಗಾರ ಆಡಳಿತಗಾರನಾದಾಗ ಸಾಮಾನ್ಯವಾಗಿ ಮೈದಾನ ಮರೆತುಹೋಗುತ್ತದೆ. ರಹೀಂ ವಿಷಯದಲ್ಲಿ ಹಾಗಾಗಲಿಲ್ಲ. ಹುಡುಗರು ಚೆಂಡನ್ನು ಕಾಲಿಗಂಟಿಸಿಕೊಂಡು ಒಬ್ಬರೇ ಓಡುವ ಚಟ ಬಿಡಬೇಕೆಂದು ಡ್ರಿಬ್ಲಿಂಗ್ ನಿಷೇಧಿಸಿದ ಪಂದ್ಯಾವಳಿಗಳನ್ನು ನಡೆಸಿದರು. ದುರ್ಬಲವಾದ ಕಾಲಿನಿಂದಲೇ ಚೆಂಡು ಒದೆಯಬೇಕೆಂಬ ನಿಯಮದ ಪಂದ್ಯಗಳೂ ಇದ್ದವು. ಕಾಪಿ ಪುಸ್ತಕದಲ್ಲಿ ಅಕ್ಷರ ತಿದ್ದಿಸುವ ಮೇಷ್ಟ್ರ ಕ್ರಮವೇ ಇದು. ಬಲಗಾಲಿನ ಚತುರನಿಗೆ ಎಡಗಾಲಿನಲ್ಲಿ ಮತ್ತೆ ಒಂದನೇ ತರಗತಿ!

1950ರಲ್ಲಿ ಅವರು ಹೈದರಾಬಾದ್ ಸಿಟಿ ಪೊಲೀಸ್ ತಂಡದ ಹೊಣೆ ಹೊತ್ತರು. ಅದೇ ಋತುವಿನ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಆ ತಂಡ ಬಲಿಷ್ಠ ಮೋಹನ್ ಬಾಗಾನ್ ತಂಡವನ್ನು ಸೋಲಿಸಿತು. ಮುಂಬೈಯ ರೋವರ್ಸ್ ಕಪ್ 1950ರಿಂದ 1954ರವರೆಗೆ ಸತತ ಐದು ವರ್ಷ ಹೈದರಾಬಾದಿಗೇ ಬಂತು. ಕೋಲ್ಕತ್ತದ ಕ್ಲಬ್ಬುಗಳೇ ಭಾರತದ ಫುಟ್‌ಬಾಲ್ ಎಂದು ತಿಳಿದಿದ್ದ ದೇಶ ದಕ್ಷಿಣದತ್ತ ತಿರುಗಿ ನೋಡಿತು.

ಪ್ರತಿಭೆಯನ್ನು ಗುರುತಿಸುವ ಕಣ್ಣು ಅವರಿಗಿತ್ತು. ಸಿಕಂದರಾಬಾದಿನ ಬಡ ಹುಡುಗ ತುಳಸೀದಾಸ್ ಬಲರಾಂಗೆ ಅಭ್ಯಾಸಕ್ಕೆ ಬರಲು ದುಡ್ಡಿಲ್ಲವೆಂದು ತಿಳಿದಾಗ ಬಾಡಿಗೆ ಸೈಕಲ್ಲಿನ ಹಣವನ್ನು ರಹೀಂ ಅವರೇ ಕೊಟ್ಟರು. ಆ ಹುಡುಗ ಎರಡು ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಆಡಿದ.

ರಾಷ್ಟ್ರೀಯ ತಂಡದಲ್ಲಿ ಅವರ ಹಾದಿ ಹೂವಿನದಾಗಿರಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಹೆಚ್ಚಿನವರು ಬರಿಗಾಲಿನಲ್ಲೇ ಆಡಿದ ಭಾರತ ತಂಡವನ್ನು ಯುಗೊಸ್ಲಾವಿಯಾ 10-1ರಿಂದ ಮಣಿಸಿತು. ಆ ಬಳಿಕ ಬೂಟು ಕಡ್ಡಾಯವಾಯಿತು. ಮುನ್ಪಡೆಯ ಒಬ್ಬನನ್ನು ಹಿಂದಕ್ಕೆ ಸರಿಸಿ ಆಡಿಸುವ, ಆ ಕಾಲಕ್ಕೆ ಹೊಸದಾದ ಕ್ರಮವನ್ನು ರಹೀಂ ಕಲಿಸತೊಡಗಿದರು. 1956ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತ 4-2ರಿಂದ ಆತಿಥೇಯ ಆಸ್ಟ್ರೇಲಿಯಾವನ್ನು ಸೋಲಿಸಿತು. ನೆವಿಲ್ ಡಿಸೋಜಾ ಹ್ಯಾಟ್ರಿಕ್ ಬಾರಿಸಿದರು. ಬೆಂಗಳೂರಿನ ಕೆಂಪಯ್ಯ ಕೂಡ ಆ ತಂಡದಲ್ಲಿದ್ದರು. ಸೆಮಿಫೈನಲ್‌ನಲ್ಲಿ ಮತ್ತೆ ಯುಗೊಸ್ಲಾವಿಯಾ ಎದುರು ಸೋತು, ಕಂಚಿನ ಪಂದ್ಯವನ್ನೂ ಕಳೆದುಕೊಂಡು ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಇಂದಿಗೂ ಅದೇ ನಮ್ಮ ಶ್ರೇಷ್ಠ ಸಾಧನೆ.

1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿ ಅವರ ಮಗ ಹಕೀಂ ಇದ್ದರು. ಆದರೆ ತಂದೆಯೇ ತರಬೇತುದಾರರಾಗಿದ್ದ ಆ ತಂಡದಲ್ಲಿ ಮಗನಿಗೆ ಒಂದು ಪಂದ್ಯವೂ ದಕ್ಕಲಿಲ್ಲ. ಆಯ್ಕೆಯಲ್ಲಿ ಬಂಧುಗಳ ಕೈ ಮೇಲಾಗುವುದನ್ನು ಕಂಡು ಬೇಸತ್ತವರಿಗೆ ಈ ಸಂಗತಿಯ ಬೆಲೆ ತಿಳಿದೀತು.

ಜಕಾರ್ತಕ್ಕೆ ಹೊರಡುವಾಗಲೇ ರಹೀಂ ಅವರ ಆರೋಗ್ಯ ಕೆಟ್ಟಿತ್ತು. ಅಲ್ಲಿ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2-0 ಸೋಲು. ಥಾಯ್ಲೆಂಡ್ ವಿರುದ್ಧ ಗೆಲುವು ಸಿಕ್ಕಿತಾದರೂ ರಕ್ಷಣೆಯ ಬೆನ್ನೆಲುಬಾಗಿದ್ದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಇಸ್ರೇಲ್ ಮತ್ತು ತೈವಾನ್‌ಗಳನ್ನು ಕೂಟದಿಂದ ಹೊರಗಿಟ್ಟ ಇಂಡೊನೇಷ್ಯಾದ ಕ್ರಮವನ್ನು ಭಾರತದ ಜಿ.ಡಿ. ಸೋಂಧಿ ಪ್ರಶ್ನಿಸಿದ್ದರಿಂದ ಊರೇ ಕೆರಳಿತ್ತು. ಭಾರತದ ರಾಯಭಾರ ಕಚೇರಿಯ ಮೇಲೆ ದಾಳಿಯೂ ನಡೆಯಿತು.

ಈ ನಡುವೆ ರಹೀಂ ಒಂದು ಜೂಜು ಆಡಿದರು. ಗಾಯಗೊಂಡಿದ್ದ ಜರ್ನೈಲ್ ಅವರನ್ನು ರಕ್ಷಣೆಯಿಂದ ತೆಗೆದು ಮುನ್ಪಡೆಗೆ ಹಾಕಿದರು. ತಲೆಗೆ ಪಟ್ಟಿ ಕಟ್ಟಿಕೊಂಡೇ ಆಡಿದ ಆತ ಸೆಮಿಫೈನಲ್‌ನಲ್ಲಿ ಗೋಲು ಹೊಡೆದರು. ಭಾರತ 3-2ರಿಂದ ದಕ್ಷಿಣ ವಿಯೆಟ್ನಾಂ ತಂಡವನ್ನು ಸೋಲಿಸಿತು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಎದುರಾದದ್ದು ಮತ್ತೆ ದಕ್ಷಿಣ ಕೊರಿಯಾ. ಕ್ರೀಡಾಂಗಣದ ತುಂಬ ವಿರೋಧದ ಕೂಗು. ಪಿ.ಕೆ. ಬ್ಯಾನರ್ಜಿ ಮೊದಲ ಗೋಲು ಹೊಡೆದರು, ಎರಡನೆಯದು ಜರ್ನೈಲ್ ಅವರದೇ. ಕೊರಿಯಾ ಕೊನೆಯಲ್ಲಿ ಒಂದನ್ನು ಹಿಂದಿರುಗಿಸಿತಾದರೂ 2-1ರಿಂದ ಚಿನ್ನ ಭಾರತದ್ದಾಯಿತು.

1963ರ ಜೂನ್ 11ರಂದು ಕ್ಯಾನ್ಸರ್ ರಹೀಂ ಸಾಹೇಬರನ್ನು ಬಲಿ ತೆಗೆದುಕೊಂಡಿತು. ಆಗ ಅವರ ವಯಸ್ಸು 53. ಅವರ ಬದುಕನ್ನಾಧರಿಸಿದ ಹಿಂದಿ ಚಿತ್ರ ‘ಮೈದಾನ್’ 2024ರಲ್ಲಿ ತೆರೆಕಂಡಿತು. ಅದನ್ನು ನೋಡಲು ಹಕೀಂ ಇರಲಿಲ್ಲ, 2021ರಲ್ಲೇ ತೀರಿಕೊಂಡಿದ್ದರು. ಬಲರಾಂ ಕೂಡ 2023ರಲ್ಲಿ ಕಣ್ಮುಚ್ಚಿದ್ದರು.