ಅನ್ಯಮತದ ಅರಸನ ಮಂತ್ರಿಯಾಗಿದ್ದ ಗಂಗರಾಜನು

1948ನೇ ಇಸವಿ ಫೆಬ್ರವರಿ 4ರಂದು ಸಿಂಹಳದ್ವೀಪವು ಸ್ವತಂತ್ರವಾದಾಗ, ಅದರ ಮೊದಲನೆಯ ಪ್ರಧಾನಮಂತ್ರಿಯಾದ ಸೇನಾನಾಯಕರ ಮಂತ್ರಿಮಂಡಲದಲ್ಲಿ ಸಿಂಹಳೀಯರೂ ತಮಿಳರೂ ಮುಸಲ್ಮಾನರೂ ಕೂಡಿ ಕುಳಿತಿದ್ದರು. ಆ ವರುಷವೇ ತಮಿಳರ ಪಕ್ಷದ ಮುಖಂಡರೊಬ್ಬರೂ ಬಂದು ಸೇರಿದರು. ನಾನಾ ಮತದವರು ಒಂದೇ ಆಲೋಚನಾಸಭೆಯಲ್ಲಿ ಕೂಡುವುದು ಈಚಿನ ಕಾಲದ ಏರ್ಪಾಡೆಂದು ನಮ್ಮ ಓದುಗರಲ್ಲಿ ಅನೇಕರು ಎಣಿಸಬಹುದು. ಆದರೆ ಅರಸೀಕೆರೆಯಲ್ಲಿ ರೈಲಿನಿಂದ ಇಳಿದು ಹಳೇಬೀಡಿಗೂ ಬೇಲೂರಿಗೂ ಹೋಗುವವರು, ಅಂಥದೇ ಒಂದು ಮಂತ್ರಿಮಂಡಲವು ಒಂಬತ್ತು ನೂರು ವರುಷಗಳ ಹಿಂದೆ ಆಳಿದ ನೆಲವನ್ನೇ ತುಳಿಯುತ್ತಾರೆ. ಆ ಮಂಡಲದಲ್ಲಿ ಮುಖ್ಯನಾಗಿದ್ದ ದಂಡನಾಯಕ ಗಂಗರಾಜನ ಚರಿತ್ರೆಯನ್ನು ಈ ತಿಂಗಳು ಬರೆಯುತ್ತೇವೆ.

ಹಳೇಬೀಡಿಗೆ ಆಗ ದೋರಸಮುದ್ರವೆಂದು ಹೆಸರು. ಅಲ್ಲಿ ಆಳುತ್ತಿದ್ದ ಹೊಯ್ಸಳ ಅರಸನಾದ ವಿಷ್ಣುವರ್ಧನನು ಇನ್ನೂ ಪೂರ್ಣ ಸ್ವತಂತ್ರನಾಗಿರಲಿಲ್ಲ. ಉತ್ತರದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿಯು ಅವನಿಗೆ ಮೇಲೊಡೆಯನು; ದಕ್ಷಿಣದಲ್ಲಿ ತಲಕಾಡು ಮೊದಲಾದ ಸೀಮೆಯನ್ನು ಚೋಳರು ನೂರು ವರುಷಕ್ಕೂ ಹೆಚ್ಚು ಕಾಲದಿಂದ ಹಿಡಿದುಕೊಂಡಿದ್ದರು. ಈ ಎರಡು ನೊಗಗಳನ್ನು ಕಳಚಬೇಕೆಂಬುದೇ ಅರಸನ ಆಶೆ. ಈ ಕೆಲಸಕ್ಕೆ ಅವನು ಕೂಡಿಸಿಕೊಂಡವರಾದರೋ ಒಂದೇ ಮತದವರಲ್ಲ. ಅರಸನು ತಾನು ವೈಷ್ಣವನಾಗಿ 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನ ದೇವಾಲಯವನ್ನು ಪ್ರತಿಷ್ಠೆ ಮಾಡಿಸಿದನು. ಪಟ್ಟದರಸಿ ಶಾಂತಲದೇವಿಯು ಜೈನಮತದವಳು. ಸಂಧಿವಿಗ್ರಹಿಯಾದ ಪುಣಿಸಮಯ್ಯನೂ ಜೈನನು. ಯುದ್ಧದಲ್ಲಿ ಕೆಟ್ಟುಹೋದ ವರ್ತಕರಿಗೂ, ಬಿತ್ತನೆಯ ಬೀಜವಿಲ್ಲದ ಒಕ್ಕಲಿಗರಿಗೂ ಅವರು ಕಳೆದುಕೊಂಡದ್ದನ್ನು ಕೊಟ್ಟು ಎತ್ತಿದನೆಂದು ಶಾಸನವು ಹೇಳುತ್ತದೆ. ಅಧಿಕಾರಿಯಾದ ಕೇತಮಲ್ಲನು ದೋರಸಮುದ್ರದಲ್ಲಿ ಹೊಯ್ಸಳೇಶ್ವರನೆಂಬ ಶಿವಾಲಯವನ್ನು ಕಟ್ಟಿಸಿದವನು.

ಗಂಗರಾಜನ ತಂದೆ ಏಚಿರಾಜನು, ತಾಯಿ ಪೋಚಿಕಬ್ಬೆ. ಮನೆಯವರೆಲ್ಲರೂ ಜೈನಮತದಲ್ಲಿ ದೃಢವಾಗಿದ್ದರು; ಶುಭಚಂದ್ರನೆಂಬ ಯತಿಯು ಅವನ ಗುರು. ಸುಮಾರು 1116ರಲ್ಲಿ ಅರಸನು ಅವನನ್ನು ತಲಕಾಡಿನ ಮೇಲೆ ಕಳುಹಿಸಿದನು. ಅಲ್ಲಿ ಚೋಳರ ಸಾಮಂತನಾಗಿದ್ದ ಅದಿಯಮನು, ಬೇಕಾದರೆ ಕಾದಿ ತೆಗೆದುಕೊಳ್ಳಲೆಂದು ಉತ್ತರ ಕೊಡಲಾಗಿ, ಗಂಗರಾಜನು ಕಾದಿಯೇ ತೆಗೆದುಕೊಂಡನು. ಅಂದಿನಿಂದ ಅರಸನಿಗೆ ತಲಕಾಡುಗೊಂಡನೆಂಬ ಬಿರುದಾಯಿತು. ಸ್ವಲ್ಪ ಕಾಲದಲ್ಲಿಯೇ ಚಾಲುಕ್ಯ ಚಕ್ರವರ್ತಿಯ ಹನ್ನೆರಡು ಮಂದಿ ಸಾಮಂತರು ಕೂಡಿ ಬಂದು ಕಣ್ಣೆಗಾಲದಲ್ಲಿ ಪಾಳೆಯವಿಳಿದರು. ಗಂಗರಾಜನು ರಾತ್ರಿಯ ಹೊತ್ತಿನಲ್ಲಿ ಅವರ ಮೇಲೆ ಬಿದ್ದು ಚದರಿಸಿ, ಸಾಮಗ್ರಿಯನ್ನೂ ವಾಹನಗಳನ್ನೂ ತಂದು ತನ್ನ ಒಡೆಯನಿಗೆ ಒಪ್ಪಿಸಿದನು.

ಇರುವೆಯನ್ನೂ ತುಳಿಯಬಾರದೆಂಬ ಮತದವನು ಮನುಷ್ಯರನ್ನು ಹೇಗೆ ಕೊಂದನೆಂದು ಕೇಳುವವರುಂಟು. ಗೃಹಸ್ಥನ ವ್ರತವು ಯತಿಯ ವ್ರತದಷ್ಟು ಕಠಿಣವಲ್ಲವೆಂಬುದು ಜೈನರ ಉತ್ತರ. ಅದು ನಮ್ಮ ಮನಸ್ಸಿಗೆ ಪೂರಾ ಒಪ್ಪುವುದಿಲ್ಲ. ಆದಾಗ್ಯೂ ಕ್ರೈಸ್ತದೇಶಗಳ ಸೇನಾಪತಿಗಳ ಚರಿತ್ರೆಯನ್ನು ಬಲ್ಲ ನಾವು ಇಲ್ಲಿ ಕಲ್ಲೆತ್ತುವುದು ತಕ್ಕದ್ದಲ್ಲ.

ಕಣ್ಣೆಗಾಲದ ಜಯದಿಂದ ಸಂತೋಷಪಟ್ಟ ಅರಸನು, ಬೇಕಾದದ್ದನ್ನು ಕೇಳಿಕೊಳ್ಳಲೆಂದು ಗಂಗರಾಜನಿಗೆ ಹೇಳಿದನು. ಬೇರೊಬ್ಬ ದಂಡನಾಯಕನಾಗಿದ್ದರೆ ಒಂದು ನಾಡನ್ನೇ ಕೇಳುತ್ತಿದ್ದನೋ ಏನೋ. ಇವನು ಕೇಳಿದ್ದು ಪರಮವೆಂಬ ಒಂದು ಹಳ್ಳಿಯನ್ನು. ಅದನ್ನು ಸಹ ತನಗಾಗಿ ಇಟ್ಟುಕೊಳ್ಳದೆ, ತಾಯಿಯೂ ಹೆಂಡತಿ ಲಕ್ಷ್ಮೀದೇವಿಯೂ ಕಟ್ಟಿಸಿದ್ದ ಬಸದಿಗಳಿಗೆ ಬಿಟ್ಟುಕೊಟ್ಟನು. ಮತ್ತೊಮ್ಮೆ ಗೋವಿಂದವಾಡಿಯನ್ನು ಕೇಳಿ ಬೆಳಗೊಳದ ಗೊಮ್ಮಟನ ಪೂಜೆಗೆ ಕೊಟ್ಟನು. ಸತ್ಯವೇದವನ್ನು ಓದುವ ನಮಗೆ ಇಲ್ಲಿ ನೆಹೆಮೀಯನು ನೆನಪಿಗೆ ಬರುತ್ತಾನೆ. ಅವನೂ ಅನ್ಯಮತದ ಅರಸನ ಪಾನದಾಯಕನಾಗಿದ್ದು, ಅರಸನು ಕೇಳಿದಾಗ ತನಗೆ ಪದವಿಯನ್ನಾಗಲಿ ಹಣವನ್ನಾಗಲಿ ಬೇಡದೆ, ತನ್ನ ಪಿತೃಗಳ ಪಟ್ಟಣವನ್ನು ಕಟ್ಟುವುದಕ್ಕೆ ಅಪ್ಪಣೆಯನ್ನೂ ಮರಗಳನ್ನೂ ಬೇಡಿಕೊಂಡನು. ಗಂಗರಾಜನು ಪೂಜಿಸಿದ್ದನ್ನು ನಾವು ಪೂಜಿಸುವುದಿಲ್ಲ. ಆದರೂ ಬೇಡುವ ಸಮಯ ಬಂದಾಗ ಅವನ ಬಾಯಿಗೆ ಮೊದಲು ಏನು ಬಂತೆಂಬುದನ್ನು ನೋಡುವುದು ಒಳ್ಳೆಯದು.

ಇದನ್ನು ಯಾಕೆ ಇಷ್ಟು ಹೇಳುತ್ತೇವೆಂದರೆ, ನಮ್ಮ ಸಭೆಗಳಲ್ಲಿ ಪಂಚಾಯಿತಿಯ ಸದಸ್ಯರೂ ಶಾಲೆಯ ಉಪಾಧ್ಯಾಯರೂ ಕಚೇರಿಯ ಜವಾನರೂ ಇದ್ದಾರೆ. ಊರಿನ ಜಾತ್ರೆಯ ವಿಷಯ ಪಂಚಾಯಿತಿಗೆ ಬಂದ ದಿನ, ಸಾಹುಕಾರನ ಮನೆಯ ಪೂಜೆಗೆ ಕರೆಬಂದ ದಿನ ಏನು ಮಾಡೋಣವೆಂದು ಅವರು ಬಂದು ಕೇಳುವುದುಂಟು. ಕೆಲವರು ಪದವಿಗಾಗಿ ತಾವು ಕ್ರೈಸ್ತರೆಂಬುದನ್ನೇ ಮುಚ್ಚಿಡುತ್ತಾರೆ. ಕೆಲವರು ವಿಶ್ವಾಸ ಉಳಿಯಬೇಕಾದರೆ ಇಂಥ ಕೆಲಸವೇ ಬೇಡವೆಂದು ಬಿಟ್ಟು ಬರುತ್ತಾರೆ. ಗಂಗರಾಜನು ಈ ಎರಡನ್ನೂ ಮಾಡಲಿಲ್ಲ. ಒಡೆಯನು ವೈಷ್ಣವನಾದ ಮೇಲೆಯೂ ಅವನು ಗಂಗವಾಡಿಯ ಹಾಳುಬಿದ್ದ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದನು. ಗೊಮ್ಮಟನ ಸುತ್ತಲೂ ಸುತ್ತಾಲಯವನ್ನು ಕಟ್ಟಿಸಿದನು. ಇದೆಲ್ಲ ಹಾಡುಹಗಲಿನಲ್ಲಿ ಅರಸನ ಕಣ್ಣೆದುರಿಗೇ ನಡೆಯಿತು. ಅಹಾಬನ ಅರಮನೆಯಲ್ಲಿದ್ದ ಓಬದ್ಯನು ಪ್ರವಾದಿಗಳನ್ನು ಗವಿಗಳಲ್ಲಿ ಅಡಗಿಸಬೇಕಾಯಿತು. ಗಂಗರಾಜನಿಗೆ ಅಂಥ ಕಷ್ಟ ಬರಲಿಲ್ಲ. ವಿಷ್ಣುವರ್ಧನನು ಮತಾಂತರ ಹೊಂದಿದ ಮೇಲೆ ಜೈನರನ್ನು ಗಾಣಕ್ಕೆ ಹಾಕಿ ಅರೆಸಿದನೆಂಬ ಕಥೆಯನ್ನು ಕೆಲವರು ಹೇಳುತ್ತಾರೆ. ಆ ಕಥೆಯು ಹಿಂದಿನ ಕಾಲದ್ದಲ್ಲ. ಅವನ ಕಾಲದ ಕಲ್ಲುಗಳು ಅದಕ್ಕೆ ವಿರೋಧವಾಗಿಯೇ ಸಾಕ್ಷಿ ಹೇಳುತ್ತವೆ. ಶಾಂತಲದೇವಿಯು 1123ರಲ್ಲಿ, ಅಂದರೆ ಬೇಲೂರಿನ ಗುಡಿಯಾದ ಆರು ವರುಷಗಳ ಮೇಲೆ, ಬೆಳಗೊಳದಲ್ಲಿ ತನ್ನ ಬಸದಿಯನ್ನು ಕಟ್ಟಿಸಿದಳು.

ಇತ್ತ ಗಂಗರಾಜನೂ ಒಡೆಯನಿಗೆ ಕೊಡತಕ್ಕದ್ದರಲ್ಲಿ ಕಡಿಮೆ ಮಾಡಲಿಲ್ಲ. ಅವನಿಗೆ ದ್ರೋಹಘರಟ್ಟನೆಂಬ ಬಿರುದುಂಟು. ದ್ರೋಹಿಗಳನ್ನು ಅರೆಯುವ ಬೀಸುಕಲ್ಲೆಂದು ಅದರ ಅರ್ಥ. ಅವನ ಎಣಿಕೆಯಲ್ಲಿ ನರಕಗಳು ಏಳೆಂದು ಒಂದು ಶಾಸನದಲ್ಲಿ ಕಾಣುತ್ತೇವೆ. ಸುಳ್ಳಾಡುವುದು ಒಂದು, ಪರಸ್ತ್ರೀಯನ್ನು ಬಯಸುವುದು ಒಂದು, ಮೊರೆಹೊಕ್ಕವರನ್ನು ಬಿಟ್ಟುಕೊಡುವುದು ಒಂದು. ಒಡೆಯನಿಗೆ ಎರಡು ಬಗೆಯುವುದೂ ಅವುಗಳಲ್ಲಿ ಒಂದು.

1121ರಲ್ಲಿ ತಾಯಿ ಪೋಚಿಕಬ್ಬೆಯು ಬೆಳಗೊಳದಲ್ಲಿ ಅನ್ನಾಹಾರಗಳನ್ನು ಬಿಟ್ಟು ಪ್ರಾಣ ತೊರೆದಳು. ಈ ವ್ರತವನ್ನು ನಮ್ಮವರು ಒಪ್ಪಲಾರರು. ಜೀವವು ಕೊಟ್ಟಾತನದೇ. ಮಗನು ಆಕೆಯ ನೆನಪಿಗೆ ಒಂದು ನಿಷಿಧಿಯನ್ನು ನಿಲ್ಲಿಸಿದನು. ತರುವಾಯ ಹೆಂಡತಿಯೂ, 1123ರಲ್ಲಿ ಗುರುವೂ ಹೋದರು. ಆಮೇಲೆ ಹತ್ತು ವರುಷ ಅವನು ಅರಸನ ಸೇವೆಯಲ್ಲಿಯೇ ಇದ್ದು, 1133ರಲ್ಲಿ ತೀರಿಕೊಂಡನು.

ಅವನ ಮಗನಾದ ಬೊಪ್ಪನು ತಂದೆಯ ಜ್ಞಾಪಕಾರ್ಥವಾಗಿ ದೋರಸಮುದ್ರದಲ್ಲಿಯೇ ಒಂದು ಬಸದಿಯನ್ನು ಕಟ್ಟಿಸಿದನು. ಹಳೇಬೀಡಿಗೆ ಸೇರಿದ ಬಸ್ತಿಹಳ್ಳಿಯಲ್ಲಿ ಅದು ಈಗಲೂ ಇದೆ; ಅದರ ಒಳಗಿನ ಕಂಬಗಳು ಮುಖ ಕಾಣುವಷ್ಟು ನುಣುಪು. ಪ್ರತಿಷ್ಠೆಯಾದ ಮೇಲೆ ಪೂಜಾರಿಗಳು ಶೇಷೆಯನ್ನು ತೆಗೆದುಕೊಂಡು, ಆಗ ಬಂಕಾಪುರದ ಪಾಳೆಯದಲ್ಲಿದ್ದ ಅರಸನ ಬಳಿಗೆ ಹೋದರು. ವೈಷ್ಣವನಾದ ಅರಸನು ಜೈನರ ಶೇಷೆಯನ್ನು ಏನು ಮಾಡಿಯಾನೆಂದು ದಾರಿಯಲ್ಲಿ ಅವರಿಗೆ ಅಳುಕಿದ್ದಿರಬಹುದು. ಅರಸನಿಗೆ ಆಗ ತಾನೇ ಶತ್ರುವಿನ ಮೇಲೆ ಜಯವಾಗಿತ್ತು, ಗಂಡುಮಗುವೂ ಹುಟ್ಟಿತ್ತು. ಅವನು ಅವರನ್ನು ಹತ್ತಿರ ಕರೆದು, ಎದ್ದುನಿಂತು, ಕೈಮುಗಿದು, ಗಂಧೋದಕವನ್ನೂ ಶೇಷೆಯನ್ನೂ ತೆಗೆದುಕೊಂಡನು. ಆ ದೇವರಿಗೆ ವಿಜಯಪಾರ್ಶ್ವನೆಂದೂ, ತನ್ನ ಮಗನಿಗೆ ವಿಜಯನಾರಸಿಂಹನೆಂದೂ ಹೆಸರಿಟ್ಟನು.

ಆ ನಾರಸಿಂಹನ ಮಗನಾದ ಇಮ್ಮಡಿ ಬಲ್ಲಾಳನ ಕಾಲದಲ್ಲಿ, ಸುಮಾರು 1192ರಲ್ಲಿ, ಹೊಯ್ಸಳರು ಯಾರ ಕೈಕೆಳಗೂ ಇಲ್ಲದ ಅರಸರಾದರು. ಆಗಲೂ ಆಲೋಚನಾಸಭೆಯಲ್ಲಿ ಜೈನರಿಗೆ ಸ್ಥಳವಿತ್ತು. ಅವರಲ್ಲಿ ಒಬ್ಬನಾದ ರೇಚಿಮಯ್ಯನು 1220ರಲ್ಲಿ ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದನು. ಆ ಊರಿನ ಶಿವಾಲಯವೂ ಅದೇ ಕಾಲದ್ದು.