28 ಪೌಂಡಿಗೆ ಗೆರೆ ಎಳೆದ ಮನುಷ್ಯ: ಜಾನ್ ವೆಸ್ಲಿ

ಮೊದಲನೆಯ ತಿಮೊಥೆಯನಿಗೆ 6ನೇ ಅಧ್ಯಾಯ ಈಗಷ್ಟೇ ಓದಿದೆವು. ಹಣದಾಸೆ ಎಂಥ ಬಲೆ ಅಂತ ಪೌಲನು ಅಲ್ಲಿ ಎಚ್ಚರಿಸ್ತಾನೆ. ಆ ಬಲೆಯನ್ನು ಗುರುತಿಸಿದ ಒಬ್ಬ ದೇವಸೇವಕರ ಜೀವನವನ್ನು ಇವತ್ತು ನಾನು ನಿಮ್ಮ ಮುಂದೆ ಇಡ್ತೀನಿ. ಮೈಸೂರಿನ ವೆಸ್ಲಿ ಪ್ರೆಸ್ ಹೆಸರು ಕೇಳಿದ್ದೀರಲ್ಲ? ಆ ಹೆಸರಿನ ಮೂಲ ಇವರೇ, ಜಾನ್ ವೆಸ್ಲಿ.

ಹುಟ್ಟಿದ್ದು 1703ರಲ್ಲಿ, ಇಂಗ್ಲೆಂಡಿನ ಎಪ್‌ವರ್ತ್‌ನಲ್ಲಿ. ತಂದೆ ಸಭಾಪಾಲಕರು. ಮನೆ ತುಂಬ ಮಕ್ಕಳು, ತಲೆ ಮೇಲೆ ಸಾಲ. 1705ರಲ್ಲಿ ಸಾಲ ತೀರಿಸಲಾಗದೆ ತಂದೆ ಜೈಲಿಗೂ ಹೋದರು. ಬಡತನ ಏನು ಅಂತ ವೆಸ್ಲಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮುಂದೆ ಆಕ್ಸ್‌ಫರ್ಡ್‌ನಲ್ಲಿ ಒಳ್ಳೆ ಸ್ಥಾನ ಸಿಕ್ತು. ಒಂದು ಚಳಿಗಾಲದ ದಿನ, ತಾವು ಓದಿಸುತ್ತಿದ್ದ ಒಬ್ಬ ಬಡ ಹುಡುಗಿ ತೆಳು ಬಟ್ಟೆಯಲ್ಲಿ ನಡುಗುತ್ತಾ ಬಂದಳು. ಕೊಡೋಣ ಅಂತ ಜೇಬಿಗೆ ಕೈ ಹಾಕಿದರೆ ಹಣವೇ ಇಲ್ಲ! ಆಗ ಗೋಡೆಯ ಅಲಂಕಾರದ ಚಿತ್ರಗಳು ಕಣ್ಣಿಗೆ ಬಿದ್ದವು. ಅವಳ ಚಳಿ ತಡೆಯಬಹುದಾಗಿದ್ದ ಹಣ ಗೋಡೆ ಮೇಲೆ ನೇತಾಡುತ್ತಿದೆ ಅಂತ ಅವರ ಹೃದಯಕ್ಕೆ ಚುಚ್ಚಿತು.

ವೆಸ್ಲಿ ತಮ್ಮ ಒಂದು ಪ್ರಸಂಗದಲ್ಲಿ ಒಬ್ಬ ಯುವ ಮೆಥೋಡಿಸ್ಟನ ಲೆಕ್ಕ ಹೇಳ್ತಾರೆ. ಅದು ಅವರದೇ ಲೆಕ್ಕ ಅಂತ ಎಲ್ಲರೂ ಭಾವಿಸ್ತಾರೆ. ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ಕೊಟ್ಟ. ಮರುವರ್ಷ 60 ಬಂತು, 32 ಕೊಟ್ಟ. 90 ಬಂದಾಗ 62, 120 ಬಂದಾಗ 92 ಕೊಟ್ಟ. ಗಮನಿಸಿ ಪ್ರಿಯರೇ, ಸಂಪಾದನೆ ನಾಲ್ಕು ಪಟ್ಟಾಯ್ತು, ಖರ್ಚು ಮಾತ್ರ 28ರಲ್ಲೇ ನಿಂತಿತು.

ಪುಸ್ತಕಗಳಿಂದ ಅವರಿಗೆ ದೊಡ್ಡ ಹಣ ಬಂತು. 1776ರಲ್ಲಿ ತೆರಿಗೆ ಅಧಿಕಾರಿಗಳು, ಇಷ್ಟು ಹೆಸರಿರೋ ಮನುಷ್ಯ ಬೆಳ್ಳಿ ಪಾತ್ರೆ ಬಚ್ಚಿಟ್ಟಿರಬೇಕು ಅಂತ ಪತ್ರ ಬರೆದರು. ಅವರ ಹತ್ತಿರ ಇದ್ದದ್ದು ಲಂಡನ್‌ನಲ್ಲಿ ಎರಡು, ಬ್ರಿಸ್ಟಲ್‌ನಲ್ಲಿ ಎರಡು ಬೆಳ್ಳಿ ಚಮಚ, ಅಷ್ಟೇ! 1785ರ ಜನವರಿಯಲ್ಲಿ, 81ನೇ ವಯಸ್ಸಿನಲ್ಲಿ, ಕರಗಿದ ಹಿಮದಲ್ಲಿ ಕಾಲು ನೆನೆಸಿಕೊಂಡು ಲಂಡನ್ ಬೀದಿಗಳಲ್ಲಿ ಅಲೆದು, ಬಡವರ ಬಟ್ಟೆಗಾಗಿ 200 ಪೌಂಡ್ ಬೇಡಿ ತಂದರು.

ಆದರೂ ಕೊನೆಗಾಲದಲ್ಲಿ ಅವರಿಗೊಂದು ನೋವಿತ್ತು. ಚೆನ್ನಾಗಿ ಸಂಪಾದಿಸಿ, ಉಳಿಸಿ, ಕೊಡಿ ಅಂತ ಅವರು ಕಲಿಸಿದ್ದರು. ಜನ ಮೊದಲ ಎರಡನ್ನು ಹಿಡಿದುಕೊಂಡು ಮೂರನೆಯದನ್ನು ಬಿಟ್ಟರು. ಭಕ್ತಿ ಬಂದ ಮೇಲೆ ಕುಡಿತ ಹೋಯ್ತು, ದುಡಿಮೆ ಬಂತು. ದುಡಿಮೆಯಿಂದ ಐಶ್ವರ್ಯ ಬಂತು. ಐಶ್ವರ್ಯ ಬಂದು ಭಕ್ತಿಯನ್ನೇ ತಣ್ಣಗೆ ಮಾಡಿತು.

ಇದು ನಮ್ಮ ಕಥೆಯೂ ಹೌದಲ್ವಾ? ಕೆಲಸ ಸಿಗಲಿ ಅಂತ ಉಪವಾಸ ಮಾಡಿ ಪ್ರಾರ್ಥಿಸ್ತೀವಿ. ಕೆಲಸ ಸಿಕ್ಕ ಮೇಲೆ ಪ್ರಾರ್ಥನೆಗೆ ಟೈಮೇ ಇಲ್ಲ. ಹೈಕ್ ಬಂದರೆ ಆಶೀರ್ವಾದ ಅಂತ ಸಾಕ್ಷಿ ಹೇಳ್ತೀವಿ, ಮರುದಿನವೇ ಹೊಸ ಇಎಂಐ ಶುರು. ದಶಮಾಂಶ ಕೊಟ್ಟಾಯ್ತು, ಉಳಿದ ತೊಂಬತ್ತು ಪಾಲು ನಂದು ಅಂತೀವಿ. ಇಲ್ಲ, ಪೂರ್ತಿ ನೂರೂ ಕರ್ತನದೇ.

ಅಪ್ಪ-ಅಮ್ಮನನ್ನು ನೋಡಿಕೊಳ್ಳಿ, ಸಾಲ ತೀರಿಸಿ, ಅದೂ ದೇವರ ಚಿತ್ತವೇ. ಆದರೆ ನಿಮ್ಮ 28 ಎಷ್ಟು? ಮುಂದಿನ ಹೈಕ್ ಬರೋ ಮೊದಲೇ, ಮೊಣಕಾಲೂರಿ ಆ ಗೆರೆ ಎಳೀರಿ. ಹಣ ಕೈಗೆ ಬಂದ ಮೇಲೆ ಗೆರೆ ಎಳೆಯೋದು ಹಣವೇ.

1791ರ ಮಾರ್ಚ್ 2ರಂದು ವೆಸ್ಲಿ ಕರ್ತನ ಬಳಿಗೆ ಹೋದರು. ಅವರ ಉಯಿಲಿನಂತೆ ದೇಹ ಹೊತ್ತವರು ಆರು ಮಂದಿ ಬಡವರು, ಒಬ್ಬೊಬ್ಬರಿಗೆ 20 ಶಿಲ್ಲಿಂಗ್ ಕೂಲಿ. ಸತ್ತ ಮೇಲೂ ಅವರು ಕೊಡ್ತಾನೇ ಇದ್ದರು. ಅಂಥ ಹೃದಯವನ್ನು ಪವಿತ್ರಾತ್ಮನು ನಮಗೂ ಕೊಡಲಿ. ಆಮೆನ್.