ಬೇರೆಯವರ ಹಾಡು ಹಾಡಿ ಗೆದ್ದ ಜಾನಿಸ್, ಸಮಾಧಿಗೆ ಕಲ್ಲು ಹಾಕಿಸಿ ಋಣ ತೀರಿಸಿದರು

ಇನ್ನೊಬ್ಬರ ಹಾಡು ಹಾಡಿ ಹೆಸರು ಮಾಡಿದವರು ಬಹಳ ಜನ. ಮೊದಲು ಹಾಡಿದ್ದು ಯಾರು ಅಂತ ನೆನಪಿಟ್ಟುಕೊಂಡವರು ಕಮ್ಮಿ. ಅಮೆರಿಕದ ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ ನೆನಪಿಟ್ಟುಕೊಂಡಿದ್ದರು.

ಹುಟ್ಟಿದ್ದು 1943ರ ಜನವರಿ 19ರಂದು, ಟೆಕ್ಸಾಸ್‌ನ ಪೋರ್ಟ್ ಆರ್ಥರ್‌ನಲ್ಲಿ. ಶಾಲೆಯಲ್ಲಿ ಎಲ್ಲರೂ ಗೇಲಿ ಮಾಡ್ತಿದ್ದ ಈ ಹುಡುಗಿಗೆ, ಕಪ್ಪು ಜನರ ಬ್ಲೂಸ್ ಹಾಡುತ್ತಿದ್ದ ಬೆಸ್ಸಿ ಸ್ಮಿತ್ ರೆಕಾರ್ಡುಗಳೇ ಪಾಠ. ಕಾಲೇಜು ಅರ್ಧಕ್ಕೆ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋ ಸೇರಿದರು.

1967ರ ಮಾಂಟೆರಿ ಪಾಪ್ ಉತ್ಸವದಲ್ಲಿ ಬಿಗ್ ಮಾಮಾ ಥಾರ್ನ್‌ಟನ್ ಅವರ ‘ಬಾಲ್ ಅಂಡ್ ಚೈನ್’ ಹಾಡಿದ್ದೇ ತಡ, ಹೆಸರು ಎಲ್ಲ ಕಡೆ ಗೊತ್ತಾಯ್ತು. ‘ಪೀಸ್ ಆಫ್ ಮೈ ಹಾರ್ಟ್’ ಕೂಡ ಮೊದಲು ಎರ್ಮಾ ಫ್ರಾಂಕ್ಲಿನ್ ಹಾಡಿದ್ದೇ.

ಬೆಸ್ಸಿ ತೀರಿಕೊಂಡಿದ್ದು 1937ರಲ್ಲಿ. 33 ವರ್ಷ ಕಳೆದರೂ ಫಿಲಡೆಲ್ಫಿಯಾ ಹತ್ತಿರದ ಅವರ ಸಮಾಧಿಗೆ ಹೆಸರಿನ ಕಲ್ಲಿರಲಿಲ್ಲ. 1970ರ ಆಗಸ್ಟ್‌ನಲ್ಲಿ ಕಲ್ಲು ನಿಂತಿತು. ಖರ್ಚು ಹಂಚಿಕೊಂಡವರು ಇಬ್ಬರು: ಚಿಕ್ಕವರಿದ್ದಾಗ ಬೆಸ್ಸಿ ಮನೆಗೆಲಸ ಮಾಡಿದ್ದ ಜುವಾನಿಟಾ ಗ್ರೀನ್, ಇನ್ನೊಬ್ಬರು ಜಾನಿಸ್.

ಎರಡೇ ತಿಂಗಳು. ಅಕ್ಟೋಬರ್ 4ರಂದು ಹೆರಾಯಿನ್ ಜಾನಿಸ್ ಜೀವ ತೆಗೀತು. ವಯಸ್ಸು 27. ರೋಜರ್ ಮಿಲ್ಲರ್ ಮೊದಲು ಹಾಡಿದ್ದ ‘ಮಿ ಅಂಡ್ ಬಾಬಿ ಮೆಗೀ’ 1971ರಲ್ಲಿ ಜಾನಿಸ್ ದನಿಯಲ್ಲಿ ನಂಬರ್ 1 ಆಯ್ತು. ಕೇಳೋಕೆ ಅವರೇ ಇರಲಿಲ್ಲ. ಬೂದಿಯನ್ನು ಪೆಸಿಫಿಕ್ ಸಮುದ್ರಕ್ಕೆ ಬಿಟ್ಟರು. ಬೆಸ್ಸಿಗೆ ಕಲ್ಲು ಹಾಕಿಸಿದವರಿಗೆ ಸಮಾಧಿಯೇ ಇಲ್ಲ.